ನೂರಕ್ಕೆ ಎಷ್ಟು ಬಿಳಿ?

ಅಂಗಡಿಗೆ ಮೊದಲ ಸಲ ಬಂದವರು ಕನ್ನಡಿ ನೋಡುವುದಕ್ಕೆ ಮುಂಚೆ ನನ್ನ ತಲೆ ನೋಡುತ್ತಾರೆ. ಹೊರಗೆ ಬೋರ್ಡಿನ ಮೇಲೆ ‘ಹೇರ್ ಕಲರಿಂಗ್’ ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ. ಒಳಗೆ ಕುರ್ಚಿಯ ಹಿಂದೆ ನಿಂತವಳ ತಲೆ ನೋಡಿದರೆ ಬೂದುಗುಂಬಳಕಾಯಿ! ಬಾಯಿ ಇದ್ದವರು ಕೇಳಿಯೇಬಿಡುತ್ತಾರೆ, “ಅಲ್ಲ ಮಾರಾಯ್ತಿ, ನಿಂದೇ ಹಿಂಗಿದ್ರೆ ನಮ್ದು ಎಂತ ಮಾಡ್ತೀಯೇ?” ಇಲ್ಲದವರು ಫೋನ್ ಬಂದ ಹಾಗೆ ಮಾಡಿ ಹೊರಗೆ ಹೋಗುತ್ತಾರೆ, ಮತ್ತೆ ಈ ಕಡೆ ಸುಳಿಯುವುದಿಲ್ಲ. ವರ್ಷಕ್ಕೆ ಎಂಟು ಹತ್ತು ಗಿರಾಕಿಗಳನ್ನು ನನ್ನ ತಲೆಯೇ ಓಡಿಸುತ್ತದೆ. ಪಕ್ಕದಲ್ಲೇ ಗಂಡಸರ ಕಟಿಂಗ್ ಅಂಗಡಿ ಇಟ್ಟಿರುವ ತಮ್ಮ, “ಒಂದು ಸ್ಕಾರ್ಫ್ ಆದ್ರೂ ಕಟ್ಕೊಳ್ಳೇ ಅಕ್ಕಾ” ಅಂತ ವರ್ಷಗಳಿಂದ ಹೇಳುತ್ತಿದ್ದಾನೆ. ಊರಿಗೆಲ್ಲ ಪಾಯಸ ಮಾಡಿ ಬಡಿಸುವ ಅಡುಗೆ ಭಟ್ಟರು ಮನೆಗೆ ಬಂದು ಗಂಜಿ ಉಣ್ಣುವುದಿಲ್ಲವೇ, ಹಾಗೆ ಅಂತ ನಗಿಸಿ ಬಂದವರನ್ನು ಕೂರಿಸುತ್ತೇನೆ. ನಿಜವಾದ ಕಾರಣ ಬೇರೆ ಇದೆ. ನನಗೆ ಬಣ್ಣ ಆಗುವುದಿಲ್ಲ.

ನಮ್ಮದು ಶಿರಸಿ. ದೇವಿಕೆರೆ ಕಡೆಯ ಒಂದು ಓಣಿಯಲ್ಲಿ ಹಳೇ ಹೆಂಚಿನ ಮನೆ, ಮುಂದಿನ ಜಗಲಿಗೇ ಗೋಡೆ ಕಟ್ಟಿ ಎರಡು ಅಂಗಡಿ ಮಾಡಿಕೊಂಡಿದ್ದೇವೆ. ಒಂದರಲ್ಲಿ ತಮ್ಮ, ಒಂದರಲ್ಲಿ ನಾನು. ನಾನು 1999ರಲ್ಲಿ ಹುಬ್ಬಳ್ಳಿಗೆ ಹೋಗಿ ಆರು ತಿಂಗಳು ಕಲಿತು ಬಂದೆ, 2001ರಲ್ಲಿ ಪಾರ್ಲರ್ ತೆರೆದೆ. ಆಗೆಲ್ಲ ಕೈಗವಸು ಅಂದರೆ ಬಣ್ಣದ ಡಬ್ಬಿಯೊಳಗೆ ಮಡಚಿಟ್ಟು ಬರುತ್ತಿದ್ದ ತೆಳು ಪ್ಲಾಸ್ಟಿಕ್ ಜೋಡಿ; ಹಾಕಿಕೊಂಡರೆ ಬ್ರಷ್ ಜಾರುತ್ತಿತ್ತು, ಬೆರಳಿಗೆ ಕೂದಲು ಸಿಗುತ್ತಿರಲಿಲ್ಲ. ಬರಿಗೈಯಲ್ಲೇ ಹಚ್ಚುತ್ತಿದ್ದೆ. ಬೆರಳ ತುದಿ, ಉಗುರ ಸಂದಿ ಸದಾ ಕಪ್ಪು. ಅದನ್ನು ಯಾರೂ ವಿಚಿತ್ರವಾಗಿ ನೋಡಿದ್ದಿಲ್ಲ. ಕೊನೆಕೊಯ್ಲು ಶುರುವಾದರೆ ಅಡಿಕೆ ಸುಲಿಯುವ ಹೆಂಗಸರ ಕೈಯೆಲ್ಲ ಇಲ್ಲಿ ಹಾಗೇ ಇರುತ್ತದೆ. ಒಬ್ಬ ಅಜ್ಜಿಯಂತೂ ಮೊದಲ ಸಲ ಬಟ್ಟಲಲ್ಲಿ ಬಣ್ಣ ಕಲಸುವುದನ್ನು ನೋಡಿ, “ಓ, ಅಡಿಕೆಗೆ ಚೊಗರು ಹಾಕ್ದಂಗೇಯ” ಅಂದುಬಿಟ್ಟರು. ಚೊಗರು ಅಂದರೆ ಅಡಿಕೆ ಬೇಯಿಸಿದ ಕಂದು ರಸ, ಅಡಿಕೆಗೆ ಬಣ್ಣ ಕಟ್ಟಲು ಹಾಕುವುದು. ಆರು ತಿಂಗಳ ಕೋರ್ಸಿನಲ್ಲಿ ನನಗೆ ಅಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ.

ಹನ್ನೊಂದು ಹನ್ನೆರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಬೆರಳ ಸಂದಿಯಲ್ಲಿ ತುರಿಕೆ. ಸಣ್ಣ ಸಣ್ಣ ನೀರುಗುಳ್ಳೆ, ಒಡೆದು ಚರ್ಮ ಬಿರಿಯುವುದು. ಸೋಪು ಬದಲಿಸಿದೆ, ಮೆಡಿಕಲ್ ಶಾಪಿನವನು ಕೊಟ್ಟ ಮುಲಾಮು ಹಚ್ಚಿದೆ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಮುಟ್ಟಿದರೆ ಕಣ್ಣಲ್ಲಿ ನೀರು. ಆದರೂ ಕಾರಣ ಹೊಳೆಯಲಿಲ್ಲ, ಅಥವಾ ಹೊಳೆಯುವುದು ಬೇಡವಾಗಿತ್ತು. 2014 ಮಾರಿಕಾಂಬಾ ಜಾತ್ರೆಯ ವರ್ಷ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಊರಿಗೆ ಊರೇ ನೆಂಟರಿಂದ ತುಂಬುತ್ತದೆ, ಅದಕ್ಕೂ ಮುಂಚಿನ ಹದಿನೈದು ದಿನ ನನಗೆ ಊಟಕ್ಕೆ ಪುರುಸೊತ್ತಿರುವುದಿಲ್ಲ. ಎಲ್ಲರದ್ದೂ ಮುಗಿಸಿ ಒಂದು ರಾತ್ರಿ ಉಳಿದ ಬಣ್ಣ ನನ್ನ ತಲೆಗೇ ಹಚ್ಚಿಕೊಂಡೆ. ಮಾರನೆಯ ದಿನ ಏನಿಲ್ಲ. ಅದರ ಮಾರನೆಯ ದಿನ ಕಿವಿ ಎರಡೂ ಊದಿ ಕೆಂಪಗಾದವು, ಹಣೆ ದಪ್ಪವಾಯಿತು, ಬೆಳಿಗ್ಗೆ ಏಳುವಾಗ ರೆಪ್ಪೆ ತೆರೆಯಲಾಗಲಿಲ್ಲ. ದೇವಿಯ ತೇರನ್ನು ಆ ವರ್ಷ ನಾನು ಕಿವಿಯಲ್ಲೇ ಕೇಳಿದ್ದು.

ಹುಬ್ಬಳ್ಳಿಯ ಚರ್ಮದ ಡಾಕ್ಟರು ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಕಳಿಸಿದರು. ಎರಡು ದಿನ ಸ್ನಾನ ಇಲ್ಲ. ಪಟ್ಟಿ ತೆಗೆದು ನೋಡಿದರು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಒಂದೇ ಒಂದು ಜಾಗ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ಪ್ಯಾರಾಫೆನಿಲೀನ್‌ಡೈಅಮೀನ್. ನಮ್ಮ ಕಸುಬಿನವರ ಬಾಯಲ್ಲಿ ಪಿಪಿಡಿ. ಕಪ್ಪು, ಕಂದು ಬಣ್ಣ ಕಟ್ಟುವ ಬಹುಪಾಲು ಡೈಗಳ ಜೀವವೇ ಅದು. “ಕೆಲಸ ಬಿಡೋದು ಒಳ್ಳೇದು, ಆಗಲ್ಲ ಅಂದ್ರೆ ನೈಟ್ರೈಲ್ ಗ್ಲೌಸ್ ಹಾಕಿ, ಒಂದು ತಲೆಗೆ ಒಂದು ಜೊತೆ. ನಿಮ್ಮ ತಲೆಗೆ ಮಾತ್ರ ಇನ್ನು ಯಾವತ್ತೂ ಬೇಡ” ಅಂದರು. ಯಾವತ್ತೂ ಅಂದರೆ ಯಾವತ್ತೂ. ಒಮ್ಮೆ ಮೈಗೆ ಈ ವೈರ ಹತ್ತಿತೆಂದರೆ ಮರೆಯುವುದಿಲ್ಲವಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಅಳುವಿಗಿಂತ ಹೆಚ್ಚು ನಗು ಬಂದಿತ್ತು.

ಆಮೇಲಿನಿಂದ ನಾನು ಹೊಸಬರಿಗೆ ಪರೀಕ್ಷೆ ಮಾಡದೆ ಬಣ್ಣ ಹಚ್ಚುವುದಿಲ್ಲ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಬಿಟ್ಟು ಬನ್ನಿ ಅಂದರೆ ಗಿರಾಕಿಗೆ ಸಿಟ್ಟು. ಹಳ್ಳಿಯಿಂದ ಬಸ್ಸಿಗೆ ಬಂದವರು ಎರಡು ದಿನ ಬಿಟ್ಟು ಮತ್ತೆ ಬರುವುದು ಹೇಗೆ? ಅವರ ಸಿಟ್ಟು ಸುಳ್ಳಲ್ಲ. ಆದರೆ ಒಬ್ಬ ಹುಡುಗಿಗೆ, ಯಾವುದೋ ಜಾತ್ರೆಯಲ್ಲಿ ಕೈಮೇಲೆ ಕಪ್ಪು ಮೆಹಂದಿ ಚಿತ್ರ ಬಿಡಿಸಿಕೊಂಡಿದ್ದವಳಿಗೆ, ಈ ಚುಕ್ಕೆಯ ಜಾಗ ಎರಡೇ ದಿನದಲ್ಲಿ ಬೆಂಕಿ ತಾಗಿದ ಹಾಗೆ ಎದ್ದಿತ್ತು. ಮದರಂಗಿಗೆ ಕಪ್ಪು ಬಣ್ಣ ಬರುವುದೇ ಇಲ್ಲ. ಕಿತ್ತಳೆ, ಕೆಂಪು, ಬಹಳ ಆದರೆ ಕಂದು. ಅರ್ಧ ಗಂಟೆಯಲ್ಲಿ ಕೈ ಕಪ್ಪಾಯಿತು ಅಂದರೆ ಅದರೊಳಗೆ ಸಾಮಾನ್ಯವಾಗಿ ಇದೇ ಪಿಪಿಡಿ ಕೂತಿರುತ್ತದೆ.

ಕಪ್ಪು ಆಗುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಗೋಡೆಗೆ ಪೇಂಟ್ ಬಳಿದ ಹಾಗೆ ಅಂದುಕೊಂಡಿರುತ್ತಾರೆ. ಅಲ್ಲ. ಕೂದಲಿನ ಮೈಮೇಲೆ ಮೀನಿನ ಹುರುಪೆಯ ಹಾಗೆ ಪದರ ಇರುತ್ತದೆ. ಅಮೋನಿಯಾ ಅದನ್ನು ಎಬ್ಬಿಸಿ ದಾರಿ ಮಾಡಿಕೊಡುತ್ತದೆ. ಬಣ್ಣವಿಲ್ಲದ ಸಣ್ಣ ಕಣಗಳು ಒಳಗೆ ನುಗ್ಗುತ್ತವೆ. ಪೆರಾಕ್ಸೈಡ್ ಜೊತೆ ಸೇರಿ ಅಲ್ಲೇ ಒಂದಕ್ಕೊಂದು ಕೈಹಿಡಿದು ದೊಡ್ಡದಾಗುತ್ತವೆ, ಬಣ್ಣ ಬರುತ್ತದೆ. ಸಣ್ಣವರಿದ್ದಾಗ ಗವಾಕ್ಷಿಯಲ್ಲಿ ನುಸುಳಿ ಒಳಗೆ ಹೋದವರು ದೊಡ್ಡವರಾದ ಮೇಲೆ ಹೊರಗೆ ಬರಲಾಗದೆ ಉಳಿದುಕೊಂಡ ಕಥೆ. ಈ ಕೈಹಿಡಿಯುವ ಕೆಲಸ ಬಟ್ಟಲಲ್ಲೂ ನಡೆಯುತ್ತಿರುತ್ತದೆ, ಅದಕ್ಕೇ ಬಿಳಿ ಕೆನೆಯಂತೆ ಇದ್ದದ್ದು ನೋಡನೋಡುತ್ತಾ ಕಂದಾಗಿ ಕಪ್ಪಾಗುವುದು. “ಉಳಿದಿದ್ದು ಡಬ್ಬಿಗೆ ಹಾಕಿಕೊಡು, ದುಡ್ಡು ಕೊಟ್ಟಿದ್ದೇನಲ್ಲ” ಅನ್ನುವವರಿಗೆ ಎಷ್ಟು ಹೇಳಿದರೂ ಸಮಾಧಾನವಿಲ್ಲ. ದೋಸೆ ಹಿಟ್ಟಲ್ಲ ತಾಯಿ, ನಾಳೆಗೆ ಬರುವುದಿಲ್ಲ.

ಅಮೋನಿಯಾ ಫ್ರೀ ಅಂತ ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅದನ್ನು ಬೇವಿನ ಎಣ್ಣೆ ಅನ್ನುವಷ್ಟು ನಂಬುವವರಿದ್ದಾರೆ. ಮೂಗಿಗೆ ಘಾಟು ಕಡಿಮೆ, ಅಷ್ಟೇ; ಆ ಕೆಲಸಕ್ಕೆ ಅದರ ಬದಲು ಬೇರೆ ಕ್ಷಾರ ಹಾಕಿರುತ್ತಾರೆ. ಪಿಪಿಡಿ ಇದೆಯೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ. ಗಿಡಮೂಲಿಕೆ ಪುಡಿಯದ್ದು ಇನ್ನೊಂದು ಪುರಾಣ. ಒಬ್ಬರು ಎರಡು ವರ್ಷ ಯಾವುದೋ ಪುಡಿ ಹಚ್ಚಿಕೊಂಡು, ಮಗನ ಉಪನಯನಕ್ಕೆ ಹೈಲೈಟ್ಸ್ ಬೇಕು, ಅಂದರೆ ಅಲ್ಲಲ್ಲಿ ಎಳೆಗಳ ಬಣ್ಣ ತೆಗೆದು ತಿಳಿ ಮಾಡಬೇಕು ಅಂತ ಬಂದರು. ಅನುಮಾನ ಬಂದು ಬಾಚಣಿಗೆಯಲ್ಲಿ ಸಿಕ್ಕ ಅವರದೇ ನಾಲ್ಕು ಕೂದಲನ್ನು ಪೆರಾಕ್ಸೈಡಿನಲ್ಲಿ ಹಾಕಿಟ್ಟೆ. ಬಟ್ಟಲು ಬಿಸಿಯಾಯಿತು. ಪುಡಿಯೊಳಗೆ ಲೋಹದ ಉಪ್ಪು ಇದ್ದರೆ ಹಾಗಾಗುತ್ತದೆ. ತಲೆಯ ಮೇಲೆ ಆಗಿದ್ದರೆ ಏನಾಗುತ್ತಿತ್ತು ಅಂತ ಅವರಿಗೆ ಬಾಯಲ್ಲಿ ಹೇಳಲಿಲ್ಲ, ಬಟ್ಟಲು ಕೈಗೆ ಕೊಟ್ಟೆ.

ಇದೆಲ್ಲ ಕಸುಬಿನ ಮೇಲ್ಮೈ. ಕೂತವರ ಕೂದಲನ್ನು ಬಾಚಣಿಗೆಯ ಬಾಲದಿಂದ ಸೀಳಿ ಸೀಳಿ ಬೇರು ನೋಡುವಾಗ ನಾನು ಮೊದಲು ಹಾಕುವುದು ಒಂದು ಲೆಕ್ಕ: ನೂರಕ್ಕೆ ಎಷ್ಟು ಬಿಳಿ? ಇಪ್ಪತ್ತೈದೋ, ಐವತ್ತೋ, ಮುಕ್ಕಾಲೋ. ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಅರ್ಧಕ್ಕಿಂತ ಹೆಚ್ಚು ಬಿಳಿ ಇದ್ದರೆ ಕೆಂಪು, ತಾಮ್ರದಂಥ ಶೋಕಿ ಬಣ್ಣವನ್ನು ಒಂಟಿಯಾಗಿ ಹಚ್ಚಿದರೆ ನೆರೆಗೂದಲು ಬೆಂಕಿಕಡ್ಡಿಯ ಹಾಗೆ ಹೊಳೆಯುತ್ತದೆ. ಸಾದಾ ಕಂದನ್ನು ಅದರ ಜೊತೆ ಬೆರೆಸಲೇಬೇಕು. ಬಿಳಿ ಮುಚ್ಚಲು 20 ವಾಲ್ಯೂಮ್ ಡೆವಲಪರ್, ಅಂದರೆ ನೂರಕ್ಕೆ 6 ಪೆರಾಕ್ಸೈಡ್. ಹಣೆಯಂಚಿನ, ಕಿವಿ ಪಕ್ಕದ ಬಿಳಿ ಹಠಮಾರಿ, ತಂತಿಯಂತೆ ಒರಟು. ಬಣ್ಣ ಅಲ್ಲಿಂದಲೇ ಶುರುಮಾಡಬೇಕು, ಪೂರ್ತಿ ಮುಕ್ಕಾಲು ಗಂಟೆ ಬಿಡಬೇಕು. ತಿಂಗಳಿಗೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಕೂದಲು ಬೆಳೆಯುತ್ತದೆ. ಇಪ್ಪತ್ತೈದನೇ ದಿನಕ್ಕೆ ಬೈತಲೆಯಲ್ಲಿ ಸುಣ್ಣದ ಗೆರೆ.

ಈ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ತಿಂಗಳು ತಿಂಗಳು ಮುಚ್ಚಿಸಿಕೊಳ್ಳುವವರಿಗೆ ತಮ್ಮ ತಲೆ ನಿಜಕ್ಕೂ ಎಷ್ಟು ನೆರೆತಿದೆ ಅಂತ ಗೊತ್ತೇ ಇರುವುದಿಲ್ಲ. ಗೊತ್ತಿರುವವಳು ನಾನೊಬ್ಬಳು. ಕನ್ನಡಿಯಲ್ಲಿ ನನ್ನ ಕಣ್ಣು ಹುಡುಕಿ, “ಬಹಳ ಆಗಿದ್ಯಾ?” ಅಂತ ಸಣ್ಣ ದನಿಯಲ್ಲಿ ಕೇಳುತ್ತಾರೆ. ನಾನು ಯಾವಾಗಲೂ ಇಪ್ಪತ್ತು ಕಡಿಮೆ ಹೇಳುತ್ತೇನೆ. ಎಪ್ಪತ್ತಿದ್ದರೆ ಐವತ್ತು. ಐವತ್ತಿದ್ದರೆ “ಎಂತದೂ ಇಲ್ಲ, ಅಲ್ಲಲ್ಲಿ”. ತರಕಾರಿ ಮಾರುವವಳು ತೂಕದಲ್ಲಿ ಕೊಸರು ಹಾಕುವುದಿಲ್ಲವೇ, ಹಾಗೆ. ಇದರಲ್ಲಿ ತಪ್ಪಿದೆ ಅಂತ ನನಗೆ ಬಹಳ ವರ್ಷ ಅನ್ನಿಸಿರಲಿಲ್ಲ.

ಬರುವವರೆಲ್ಲ ಚಂದ ಕಾಣಬೇಕು ಅಂತ ಬರುತ್ತಾರೆ ಅಂದುಕೊಂಡರೆ ಅದು ಹೊರಗಿನವರ ಮಾತು. ಹಿಂದೆ ಯಾರದೋ ಅಪ್ಪಣೆ ಇರುತ್ತದೆ. ಬೆಂಗಳೂರಿನ ಮಗಳು ವೀಡಿಯೊ ಕಾಲಿನಲ್ಲಿ “ಅಮ್ಮ, ಎಷ್ಟು ಮುದುಕಿ ಆಗೋದ್ಯೆ” ಅಂದಿರುತ್ತಾಳೆ. ಮದುವೆ ಮನೆಯಲ್ಲಿ ಯಾರೋ ಗಂಡನ ಪಕ್ಕ ನಿಂತವಳನ್ನು ಅಕ್ಕನಾ ಅಂತ ಕೇಳಿರುತ್ತಾರೆ. ಹತ್ತೊಂಬತ್ತಕ್ಕೇ ಬಾಲನೆರೆ ಬಂದ ಕಾಲೇಜು ಹುಡುಗಿಯನ್ನು ತಾಯಿಯೇ ಎಳೆದುಕೊಂಡು ಬರುತ್ತಾಳೆ. ಮೊದಲು ಡಾಕ್ಟರ ಹತ್ತಿರ ರಕ್ತ ತೋರಿಸಿ, ಬಿ12, ಥೈರಾಯ್ಡ್ ನೋಡಲಿ ಅಂತ ಕಳಿಸುತ್ತೇನೆ.

ತಮ್ಮನ ಅಂಗಡಿಯ ಕಥೆ ಇನ್ನೊಂದು. ಅಪ್ಪನ ಕಾಲದಲ್ಲಿ ಅಲ್ಲಿ ಪುಡಿ ಡೈ ಒಂದೇ; ಪೊಟ್ಟಣ ಒಡೆದು ಪ್ಲಾಸ್ಟಿಕ್ ಕಪ್ಪಿನಲ್ಲಿ ನೀರಿಗೆ ಕಲಸಿ, ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ಮೀಸೆಗೂ ತಲೆಗೂ. ಕಾಗೆ ಕೂತ ಹಾಗೆ ಕಪ್ಪು. ಈಗ ಅವನೂ ಟ್ಯೂಬಿನ ಬಣ್ಣ ಇಟ್ಟಿದ್ದಾನೆ, ಕಲಸಿ ಹಚ್ಚಲು ನನ್ನನ್ನು ಕರೆಯುತ್ತಾನೆ. ಅಲ್ಲಿಗೆ ಸಿದ್ದಾಪುರ ಕಡೆಯಿಂದ ಒಬ್ಬ ಬರುತ್ತಿದ್ದ. ನಲವತ್ತೊಂದು ವಯಸ್ಸು, ಮೂರು ಎಕರೆ ಅಡಿಕೆ ತೋಟ, ಹೆಣ್ಣು ಸಿಕ್ಕಿರಲಿಲ್ಲ. ಊರಲ್ಲಿ ಉಳಿದು ತೋಟ ಮಾಡುವ ಗಂಡುಗಳಿಗೆ ಹೆಣ್ಣು ಸಿಗದ ಕಥೆ ನಮ್ಮ ಕಡೆ ಮನೆಮನೆಯಲ್ಲಿ ಇದೆ, ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ನೋಡಲು ಹೋಗುವ ಹಿಂದಿನ ದಿನ ತಾಯಿ ಕರೆದುಕೊಂಡು ಬರುತ್ತಿದ್ದರು, ಮಗನನ್ನು ಕೂರಿಸಿ ಬೆಂಚಿನ ಮೇಲೆ ತಾವೂ ಕೂರುತ್ತಿದ್ದರು. “ಒಂದೂ ಬಿಡ್ಬೇಡ” ಅಂತ ಅವರ ಅಪ್ಪಣೆ. ಮೂರನೆಯ ಸಲವೋ ನಾಲ್ಕನೆಯ ಸಲವೋ, ತಾಯಿ ಚಾ ಕುಡಿಯಲು ಎದ್ದು ಹೋದಾಗ ಆತ ಕನ್ನಡಿಯಲ್ಲಿ ನನ್ನನ್ನು ನೋಡಿ, “ಅಕ್ಕಾ, ಕಿವಿ ಹತ್ರ ಒಂದಿಷ್ಟು ಬಿಳಿ ಬಿಟ್ಬಿಡಿ. ಪೂರಾ ಕಪ್ಪು ಮಾಡಿದ್ರೆ ಆ ಹುಡುಗಿಗೆ ಸುಳ್ಳು ಹೇಳ್ದಂಗೆ ಆಗ್ತದೆ” ಅಂದ. ಎಷ್ಟು ಬಿಡಲಿ ಅಂದೆ. “ನೂರಕ್ಕೆ ಹತ್ತು?” ಅಂತ ಚೌಕಾಸಿ ಮಾಡುವವನ ಹಾಗೆ ಕೇಳಿದ. ಎರಡೂ ಕಿವಿಯ ಮೇಲೆ ಬೆರಳಗಲ ಬಿಟ್ಟೆ. ತಾಯಿ ಬಂದು ನೋಡಿ, ಇದೆಂತ ಅಂದರು. “ಅಲ್ಲಿ ಬಣ್ಣ ಹಿಡಿಯೂದಿಲ್ಲ ಅಮ್ಮ, ಹಠದ ಕೂದಲು” ಅಂತ ನಾನು ಕಸುಬಿನ ಸುಳ್ಳು ಹೇಳಿದೆ.

ಆತ ಬರುವುದು ನಿಂತು ಎರಡು ವರ್ಷ ಆಗಿತ್ತು. ಒಂದು ದಿನ ತೋಟಗಾರರ ಸೊಸೈಟಿ ಟಿಎಸ್‌ಎಸ್‌ನ ಸೂಪರ್ ಮಾರ್ಕೆಟಿನಲ್ಲಿ ಗೊಬ್ಬರದ ಚೀಟಿ ಹಿಡಿದು ನಿಂತಿದ್ದ, ತಲೆ ಎಳ್ಳು ಅಕ್ಕಿ ಬೆರೆಸಿದ ಹಾಗೆ. ಚೆನ್ನಾಗಿದ್ದೀರಾ ಅಂದೆ, ಚೆನ್ನಾಗಿದ್ದೇನೆ ಅಂದ. ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಅಕ್ಕೋರ ವಿಷಯಕ್ಕೆ ಬರುತ್ತೇನೆ, ಇಷ್ಟು ಬರೆಯಲು ಕೂತದ್ದೂ ಅವರಿಂದಲೇ. ಹತ್ತಿರದ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಾರೆ, ಹವ್ಯಕ ಬ್ರಾಹ್ಮಣರು, ಐವತ್ತೈದು ಆಗಿರಬೇಕು. ಹನ್ನೆರಡು ವರ್ಷ ತಿಂಗಳಿಗೊಮ್ಮೆ ತಪ್ಪದೆ ಬಂದವರು. ಯಜಮಾನರು ತೀರಿಕೊಂಡ ಮೇಲೆ ಬರಲಿಲ್ಲ. ನಾನು ಕರೆಯಲೂ ಇಲ್ಲ, ಹೇಗೆ ಕರೆಯುವುದು? ಹದಿನಾಲ್ಕು ತಿಂಗಳು ಕಳೆದು ಒಂದು ಸಂಜೆ ಏಳು ಗಂಟೆಗೆ, ಶಟರ್ ಅರ್ಧ ಎಳೆದಿದ್ದೆ, ಬಗ್ಗಿ ಒಳಗೆ ಬಂದರು. ಜಡೆ ಬಿಚ್ಚಿದೆ. ಬೇರಿನಿಂದ ಒಂದು ಗೇಣಿನಷ್ಟು ಬಿಳಿ, ಅಲ್ಲಿಂದ ಕೆಳಗೆ ಗೆರೆ ಹೊಡೆದ ಹಾಗೆ ನನ್ನ ಹಳೇ ಬಣ್ಣ. ಸ್ಕೇಲ್ ಇಟ್ಟು ಅಳೆದಿದ್ದರೆ ಅವರ ಮನೆಯಲ್ಲಿ ಯಾವ ತಿಂಗಳು ಏನಾಯಿತು ಅಂತ ಲೆಕ್ಕ ಸಿಗುತ್ತಿತ್ತು.

“ಕಪ್ಪು ಮಾಡ್ಬೇಡ ತಂಗಿ. ಬಣ್ಣ ಹಚ್ಚಿದ್ದು ಅಂತ ಯಾರಿಗೂ ಗೊತ್ತಾಗ್ಬಾರ್ದು. ಹಂಗಂತ ಹಿಂಗೂ ಬ್ಯಾಡ. ಒಂದನೇ ಕ್ಲಾಸಿನ ಮಕ್ಕಳು ಅಜ್ಜಿ ಅಂತ್ವು” ಅಂದರು. ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಬಣ್ಣ. ಯಾವ ಕಂಪನಿಯ ಶೇಡ್ ಕಾರ್ಡಿನಲ್ಲೂ ಅಂಥ ನಂಬರ್ ಇಲ್ಲ. ಹಳೇ ಕಪ್ಪು ತುದಿ ನಾಲ್ಕು ಇಂಚು ಕತ್ತರಿಸಿದೆ. ಪೂರ್ತಿ ಮುಚ್ಚದ ಡೆಮಿ ಬಣ್ಣ ತೆಗೆದುಕೊಂಡು, ಕಡಿಮೆ ಶಕ್ತಿಯ ಡೆವಲಪರ್ ಹಾಕಿ, ತಲೆಯನ್ನು ನೂಲಿನಂಥ ಎಳೆಗಳಾಗಿ ಸೀಳಿ ಒಂದಕ್ಕೆ ಹಚ್ಚಿ ಒಂದನ್ನು ಬಿಟ್ಟು, ಹಿಂದಿನಿಂದ ಮುಂದಕ್ಕೆ ಬಂದೆ. ಮೂರು ಗಂಟೆ ಹಿಡಿಯಿತು. ಒಣಗಿಸಿದಾಗ ಒಣಗಿದ ಅಡಿಕೆ ಸಿಪ್ಪೆಯ ಬಣ್ಣ ಬಂದಿತ್ತು, ನಡುನಡುವೆ ಬೆಳ್ಳಿ ಎಳೆ. ಇಪ್ಪತ್ತು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದು. ಯಾರಿಗೂ ತೋರಿಸುವಂತಿಲ್ಲ.

ಆದರೂ ಊರಿಗೆ ಕಣ್ಣಿದೆ. ಎರಡು ವಾರದ ಮೇಲೆ ನನ್ನದೇ ಕುರ್ಚಿಯಲ್ಲಿ ಕೂತ ಒಬ್ಬರು, “ಆ ಅಕ್ಕೋರು ನೋಡು, ಗಂಡ ಹೋಗಿ ಎಷ್ಟು ದಿನ ಆತು, ತಲೆಗೆ ಎಂತದೋ ಹಚ್ಚಿಸಿಕೊಂಡಿದ್ದಾರೆ” ಅಂದರು. ಆಗ ಅವರ ತಲೆಯ ಮೇಲೆ ನಾನು ಒಂದನೇ ನಂಬರಿನ ಅಪ್ಪಟ ಕಪ್ಪು ಹಚ್ಚುತ್ತಿದ್ದೆ. ಬಾಚಣಿಗೆ ಒಂದು ಸ್ವಲ್ಪ ಗಟ್ಟಿಯಾಗಿ ಎಳೆದಿರಬಹುದು.

ನನ್ನ ಅಜ್ಜನ ಬಗ್ಗೆ ಹೇಳದೆ ಮುಂದಕ್ಕೆ ಹೋಗಲಾಗುವುದಿಲ್ಲ. ಅಜ್ಜನಿಗೆ ಅಂಗಡಿ ಇರಲಿಲ್ಲ, ಹಡಪ ಇತ್ತು. ಕತ್ತಿ, ಸಾಣೆಕಲ್ಲು, ಚರ್ಮದ ಪಟ್ಟಿ, ಒಂದು ಹಿತ್ತಾಳೆ ಬಟ್ಟಲು. ಹಳ್ಳಿ ಹಳ್ಳಿಗೆ ನಡೆದು ಹೋಗಿ ಕ್ಷೌರ ಮಾಡುತ್ತಿದ್ದ, ವರ್ಷಕ್ಕೊಮ್ಮೆ ಭತ್ತ, ಅಡಿಕೆ ಕೊಡುತ್ತಿದ್ದರು. ಗಂಡಸರದ್ದು ಅಂಗಳದ ಕೆಲಸ. ಇನ್ನೊಂದಕ್ಕೆ ನಮ್ಮ ಮನೆಯಲ್ಲಿ ‘ಹಿತ್ತಲ ಕೆಲಸ’ ಅನ್ನುತ್ತಿದ್ದರು. ಬ್ರಾಹ್ಮಣರ ಮನೆಗಳಲ್ಲಿ ಗಂಡ ಸತ್ತ ಹೆಂಗಸಿನ ತಲೆ ಬೋಳಿಸಿ ಕೆಂಪು ಸೀರೆ ಉಡಿಸುವ ಕಾಲ. ಬೋಳಿಸುವುದು ಒಂದು ದಿನಕ್ಕೆ ಮುಗಿಯುವುದಿಲ್ಲ, ಕೂದಲು ಬೆಳೆಯುತ್ತದಲ್ಲ. ಸಾಯುವ ತನಕ ತಿಂಗಳಿಗೊಮ್ಮೆ. ನಸುಕಿನಲ್ಲಿ, ಹಿತ್ತಲ ಬಾಗಿಲಲ್ಲಿ, ಯಾರೂ ಏಳುವ ಮೊದಲು. ಆ ಕೆಲಸವಿದ್ದ ದಿನ ಅಜ್ಜ ಮನೆಗೆ ಬಂದು ಮಾತಾಡುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು. ಅಷ್ಟೇ ಹೇಳುತ್ತಿದ್ದಳು. ಹಿತ್ತಾಳೆ ಬಟ್ಟಲು ಈಗಲೂ ನನ್ನ ಟೇಬಲ್ಲಿನ ಮೇಲಿದೆ. ಬಣ್ಣ ಕಲಸಲು ಬರುವುದಿಲ್ಲ, ಲೋಹದ ಪಾತ್ರೆಯಲ್ಲಿ ಪೆರಾಕ್ಸೈಡ್ ಕೆಡುತ್ತದೆ. ಕ್ಲಿಪ್ ಹಾಕಿಟ್ಟಿದ್ದೇನೆ.

ಹೋದ ಜುಲೈ. ಮಳೆ ಅಂದರೆ ನಾಲ್ಕು ದಿನದಿಂದ ಬಿಡದೆ ಹೊಯ್ಯುವ ನಮ್ಮ ಕಡೆಯ ಮಳೆ. ಶಾಲೆಗೆ ರಜೆ ಕೊಟ್ಟಿದ್ದರು ಅಂತ ಅಕ್ಕೋರು ಮಧ್ಯಾಹ್ನವೇ ಬಂದರು. ಬಣ್ಣ ಹಚ್ಚಿ ಮುಗಿಸುವ ಹೊತ್ತಿಗೆ ಕರೆಂಟ್ ಹೋಯಿತು. ಬೆಳಿಗ್ಗೆಯಿಂದ ಬಂದು ಹೋಗಿ ಮಾಡುತ್ತಿದ್ದ ಕಾರಣ ಪಂಪ್ ಓಡಿರಲಿಲ್ಲ. ನಲ್ಲಿ ತಿರುಗಿಸಿದರೆ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅಂಗಡಿಯೊಳಗೆ ಕತ್ತಲೆ, ಹೆಂಚಿನ ಮೇಲೆ ಮಳೆ, ಅಕ್ಕೋರ ತಲೆಯ ಮೇಲೆ ಬಣ್ಣ. ಇಪ್ಪತ್ತು ನಿಮಿಷಕ್ಕೆ ತೊಳೆಯಬೇಕು. ಮೊಬೈಲಿನ ಬೆಳಕನ್ನು ಬಟ್ಟಲಿಗೆ ಒರಗಿಸಿ ಇಟ್ಟೆ, ಹಿತ್ತಾಳೆ ಹೊಳೆಯಿತು.

“ಇದು ನಿಮ್ಮಜ್ಜಂದಾ?” ಅಂದರು.

ಹೌದು ಅಂದೆ.

“ನಮ್ಮನೆಗೆ ಬರ್ತಿದ್ದ. ನಮ್ಮ ಅಜ್ಜನ ತಂಗಿ ಒಬ್ಳಿದ್ಲು, ಸಣ್ಣಜ್ಜಿ ಹೇಳಿ ಕರೀತಿದ್ವಿ. ಹದಿಮೂರೋ ಹದಿನಾಲ್ಕೋ ವರ್ಷಕ್ಕೇ ಗಂಡ ಹೋಗಿ ತೌರುಮನೆಗೆ ಬಂದವಳು. ನಾ ಸಣ್ಣವಳಿದ್ದಾಗ ಬೆಳಗಾಗೂದ್ರೊಳಗೆ ಎದ್ದು ಹಿತ್ತಲ ಕಡೆಗೆ ಹೋಗ್ಬಿಟ್ಟಿದ್ದೆ ಒಂದಿನ. ಬಾವಿಕಟ್ಟೆ ಹತ್ರ ಸಣ್ಣಜ್ಜಿ ತಲೆ ಬಗ್ಗಿಸಿ ಕೂತಿದ್ಲು. ನಿಮ್ಮಜ್ಜ ಈ ಬಟ್ಲಲ್ಲೇ ನೀರು ಅದ್ದಿ ತಲೆಗೆ ತಟ್ತಾ ಇದ್ದ.”

ನಾನು ಸುಮ್ಮನಿದ್ದೆ. ಗಡಿಯಾರ ನೋಡಬೇಕಿತ್ತು, ನೋಡಲಿಲ್ಲ.

“ಅವಳ ಕೋಣೆಯಲ್ಲಿ ಕನ್ನಡಿ ಇರ್ಲಿಲ್ಲ. ಕೊಡ್ತಿರ್ಲಿಲ್ಲ. ಸಣ್ಣಜ್ಜಿ ನಿಮ್ಮಜ್ಜನ ಹತ್ರ ಕೇಳಿದ್ಲು, ‘ಎಷ್ಟು ಬೆಳ್ಳಗಾತೋ?’ ನಿಮ್ಮಜ್ಜ ಕೈಮೇಲೆ ಬಿದ್ದ ಕೂದಲನ್ನ ಬೆಳಕಿಗೆ ಹಿಡಿದು ನೋಡಿ, ‘ಮುಕ್ಕಾಲು ಆತು ಅಮ್ಮ’ ಅಂದ. ಅವಳು ‘ಹೋದ ತಿಂಗ್ಳೂ ಮುಕ್ಕಾಲೇ ಹೇಳಿದ್ಯಲೋ’ ಹೇಳಿ ನಕ್ಕಳು. ಸಣ್ಣಜ್ಜಿ ನಕ್ಕಿದ್ದು ನಾ ನೋಡಿದ್ದು ಕಮ್ಮಿ. ಪ್ರತಿ ತಿಂಗ್ಳೂ ಕೇಳ್ತಿದ್ಲು ಕಾಣ್ತದೆ. ತನ್ನ ತಲೆ ಯಾವ ಬಣ್ಣ ಅಂತ ಅವಳಿಗೆ ಹೇಳೂಕೆ ಮತ್ಯಾರಿದ್ರು?”

ಇಪ್ಪತ್ತು ನಿಮಿಷ ದಾಟಿ ಹತ್ತು ನಿಮಿಷವಾಗಿತ್ತು. ಹಿತ್ತಲಿಗೆ ಹೋಗೋಣ ಅಕ್ಕೋರೇ, ಬಾವಿಯಲ್ಲೇ ತೊಳೆಯೋಣ ಅಂದೆ. ತಮ್ಮನನ್ನು ಕೂಗಿ ಕೊಡೆ ಹಿಡಿಸಬಹುದಿತ್ತು, ಅವರು ಬೇಡ ಅಂದರು. ಮಾಡಿನ ಅಂಚಿನ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸ್ಟೂಲ್ ಇಟ್ಟೆ. ಜುಲೈ ತಿಂಗಳಲ್ಲಿ ನಮ್ಮ ಬಾವಿಗೆ ಹಗ್ಗ ಬೇಡ, ಬಗ್ಗಿದರೆ ತಂಬಿಗೆಗೆ ನೀರು ಸಿಗುತ್ತದೆ. ಅಕ್ಕೋರು ಟವೆಲನ್ನು ಕೊರಳಿಗೆ ಒತ್ತಿ ಹಿಡಿದು ತಲೆ ಬಗ್ಗಿಸಿದರು. ಕೈಗವಸು ಹಾಕಿಕೊಂಡೇ ನೀರು ಹೊಯ್ದೆ. ಕಂದು ನೀರು ಕಲ್ಲಿನ ಮೇಲೆ ಇಳಿದು ಮಳೆ ನೀರಿಗೆ ಸೇರಿ ಅಡಿಕೆ ಮರದ ಬುಡಕ್ಕೆ ಹೋಯಿತು. ನೀರು ತಣ್ಣಗಿತ್ತು, ಅವರ ಹೆಗಲು ನಡುಗಿತು. ನಾಲ್ಕು ತಂಬಿಗೆ ಹಾಕಿದ ಮೇಲೆ ಬಣ್ಣ ಕಡಿಮೆಯಾಯಿತು. ಬೆರಳಿನಿಂದ ಬೇರು ಬಿಡಿಸಿ ನೋಡುತ್ತಿದ್ದೆ.

ತಲೆ ಎತ್ತದೆಯೇ ಕೇಳಿದರು. “ಖರೇ ಹೇಳು. ಒಳಗೆ ಎಷ್ಟಾಗಿದೆ?”

ಬಾಯಿಗೆ ಅರವತ್ತು ಬಂದಿತ್ತು.

“ಎಂಬತ್ತು” ಅಂದೆ.

“ಹೋದ ಸಲ ಅರವತ್ತು ಅಂದಿದ್ದೆ.”

“ಸುಳ್ಳು ಹೇಳಿದ್ದೆ ಅಕ್ಕೋರೇ.”

ಅವರು ಸ್ವಲ್ಪ ಹೊತ್ತು ಹಾಗೇ ಬಗ್ಗಿ ಕೂತಿದ್ದರು. ನಕ್ಕರೋ ಚಳಿಗೆ ಹೆಗಲು ಅಲುಗಿತೋ ತಿಳಿಯಲಿಲ್ಲ.

“ಕಿವಿ ಹಿಂದೆ ಇನ್ನೂ ಇದೆ ಕಾಣ್ತದೆ, ಅಂಟ್ತಾ ಇದೆ. ಇನ್ನೊಂದು ತಂಬಿಗೆ ಹಾಕು.”